ಬಿಸಿನೆಸ್ ಸ್ಕೂಲ್ ಅರ್ಜಿಯ ಎಸ್ಸೇ ರೆಸ್ಯೂಮೆಯ ಹಾಗೆಯೇ ಆಗುತ್ತಿದೆ, ಏನು ಮಾಡಲಿ?

ಐದು ವರ್ಷದ ಅನುಭವವಿದೆ, ಜಿಮ್ಯಾಟ್ (ಎಂಬಿಎ ಪ್ರವೇಶ ಪರೀಕ್ಷೆ) ಅಂಕವೂ ಚೆನ್ನಾಗಿದೆ, ಆದರೆ ಎಸ್ಸೇ ಬರೆಯಲು ಕೂತರೆ ರೆಸ್ಯೂಮೆಯನ್ನೇ ಎಳೆದು ಉದ್ದ ಮಾಡಿದಂತಿದೆ ಎಂದು ಕೇಳಿದ್ದೀರಿ. ನೀವು ಮಾಡಿದ್ದನ್ನೆಲ್ಲ ಬರೆದು, ಯಾಕೆ ಹಾಗೆ ಮಾಡಿದಿರಿ ಎಂಬುದನ್ನು ಬಿಟ್ಟಾಗ ಹೀಗಾಗುತ್ತದೆ. ಸಾಧನೆ ಹೇಳಲು ರೆಸ್ಯೂಮೆ ಇದೆ, ಓದಿನ ಸಾಮರ್ಥ್ಯಕ್ಕೆ ಅಂಕಪಟ್ಟಿ ಇದೆ, ಬೇರೆಯವರ ಕಣ್ಣಲ್ಲಿ ನೀವು ಹೇಗೆ ಎನ್ನುವುದಕ್ಕೆ ಶಿಫಾರಸು ಪತ್ರವಿದೆ. ನಿಮ್ಮ ತೀರ್ಮಾನಗಳ ಹಿಂದಿನ ಯೋಚನೆಯನ್ನು ನೀವೇ ಬಿಡಿಸಿ ಹೇಳಲು ಇರುವ ಜಾಗ ಎಸ್ಸೇ.

ಮೊದಲು ಒಂದು ಹಾಳೆಯಲ್ಲಿ ನೀವು ತೆಗೆದುಕೊಂಡ ಎಂಟು ಹತ್ತು ತೀರ್ಮಾನಗಳನ್ನು ಬರೆಯಿರಿ. ಒಂದೊಂದರ ಮುಂದೆಯೂ ಆಗ ಇದ್ದ ಬೇರೆ ದಾರಿಗಳೇನು, ಯಾರು ಒಪ್ಪಲಿಲ್ಲ, ನೀವು ಮಾಡಿದ್ದೇನು, ಆಮೇಲೆ ಏನು ಬದಲಾಯಿತು ಎಂದು ಗುರುತು ಹಾಕಿ. ಬೇರೆ ದಾರಿಯೇ ಇರಲಿಲ್ಲ ಎನ್ನುವಂಥವನ್ನು ಹೊಡೆದುಹಾಕಿ. ಉಳಿಯುವ ಎರಡು ಮೂರು ಸಾಕು.

‘ಹನ್ನೆರಡು ಜನರ ತಂಡ ಮುನ್ನಡೆಸಿ ಪ್ರಾಜೆಕ್ಟನ್ನು ಸಮಯಕ್ಕೆ ಸರಿಯಾಗಿ ಮುಗಿಸಿದೆ’ ಎಂಬುದು ರೆಸ್ಯೂಮೆಯ ಸಾಲು. ಅದನ್ನೇ ಎಸ್ಸೇಯಲ್ಲಿ ಹೀಗೆ ಬರೆಯಬಹುದು: ‘ಬಿಡುಗಡೆಗೆ ಮೂರು ವಾರ ಇದ್ದಾಗ ದೊಡ್ಡ ದೋಷವೊಂದು ಸಿಕ್ಕಿತು. ಗ್ರಾಹಕರಿಗೆ ಈಗಲೇ ಹೇಳುವುದು ಬೇಡ ಎಂದರು ಮ್ಯಾನೇಜರ್. ಎರಡು ಫೀಚರ್ ಕೈಬಿಟ್ಟಾದರೂ ಸರಿ, ಇವತ್ತೇ ಹೇಳೋಣ ಎಂದು ನಾನು ಹಟ ಹಿಡಿದೆ, ಯಾಕೆಂದರೆ…’ ಆ ‘ಯಾಕೆಂದರೆ’ ಆದ ಮೇಲೆ ಬರುವ ಎರಡು ವಾಕ್ಯಗಳಿಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಅಲ್ಲಿ ‘ಪ್ರಾಮಾಣಿಕತೆ ನನಗೆ ಮುಖ್ಯ’ ಎಂದು ಬರೆದರೆ ಕೆಟ್ಟಿತು, ಅದನ್ನು ಯಾರು ಬೇಕಾದರೂ ಬರೆಯುತ್ತಾರೆ. ತಡವಾಗಿ ಹೇಳಿದ್ದರೆ ಗ್ರಾಹಕರ ಯಾವ ಕೆಲಸ ನಿಲ್ಲುತ್ತಿತ್ತು, ಯಾರ ಮೇಲೆ ಹೊರೆ ಬೀಳುತ್ತಿತ್ತು ಎಂದು ಬರೆಯಿರಿ.

ಪದಮಿತಿ ನೋಡಿಕೊಂಡೇ ವಿಷಯ ಆರಿಸಿ. ಹಾರ್ವರ್ಡ್ 2024ರಲ್ಲಿ 900 ಪದಗಳ ಒಂದೇ ಎಸ್ಸೇ ಬಿಟ್ಟು, 300, 250, 250 ಪದಗಳ ಮೂರು ಪ್ರಶ್ನೆಗಳಿಗೆ ಬಂತು. 300 ಪದಗಳಲ್ಲಿ ಪೀಠಿಕೆಗೆ ಜಾಗವೇ ಇಲ್ಲ. ಒಂದೇ ಘಟನೆ ಹಿಡಿದು, ಹಿನ್ನೆಲೆ ಸುಮಾರು 60 ಪದ, ತೀರ್ಮಾನ ಮತ್ತು ಕೆಲಸ 150, ಫಲ ಹಾಗೂ ಕಲಿತದ್ದು 90 ಎಂದು ಹಂಚಿಕೊಳ್ಳಿ. ಸ್ಟ್ಯಾನ್‌ಫರ್ಡ್ ಬಹಳ ಕಾಲದಿಂದ ಕೇಳುತ್ತಾ ಬಂದಿರುವುದು ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು, ಮತ್ತು ಯಾಕೆ ಎಂದು. ಹೆಚ್ಚಿನವರು ‘ಯಾವುದು’ ಎಂಬುದಕ್ಕೇ ಪದಗಳನ್ನೆಲ್ಲ ಸುರಿದು ‘ಯಾಕೆ’ಗೆ ಎರಡು ಸಾಲು ಉಳಿಸಿಕೊಳ್ಳುತ್ತಾರೆ. ತಿರುಗುಮುರುಗಾಗಬೇಕು.

ಗುರಿಯ ವಿಷಯಕ್ಕೆ ಬಂದರೆ, ‘ಕನ್ಸಲ್ಟಿಂಗ್‌ಗೆ ಹೋಗುತ್ತೇನೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಹುದ್ದೆ, ಯಾವ ಬಗೆಯ ಕಂಪನಿ, ಯಾವ ಸಮಸ್ಯೆ ಎಂದು ಬರೆಯಿರಿ. ಆ ಕೆಲಸಕ್ಕೆ ಇವತ್ತು ನಿಮ್ಮಲ್ಲಿ ಏನಿಲ್ಲ ಎಂಬುದನ್ನೂ ಬರೆಯಿರಿ, ಯಾಕೆಂದರೆ ಈ ಓದು ನಿಮಗೆ ಯಾಕೆ ಬೇಕು ಎಂಬುದಕ್ಕೆ ಆ ಕೊರತೆಯೇ ಉತ್ತರ. ‘ಇದೇ ಸ್ಕೂಲ್ ಯಾಕೆ’ ಎಂಬ ಭಾಗದಲ್ಲಿ ಸ್ಕೂಲಿನ ಹೆಸರು ತೆಗೆದು ಇನ್ನೊಂದನ್ನು ಹಾಕಿ ಓದಿ. ಆಗಲೂ ಒಪ್ಪುವಂತಿದ್ದರೆ ಮತ್ತೆ ಬರೆಯಬೇಕು.

ಶಿಫಾರಸಿಗೆ ದೊಡ್ಡ ಹುದ್ದೆಯವರ ಹಿಂದೆ ಹೋಗಬೇಡಿ. ನಿಮ್ಮ ಕೆಲಸವನ್ನು ದಿನವೂ ಕಂಡ ನೇರ ಮೇಲಧಿಕಾರಿಯೇ ವಾಸಿ. ಹಲವು ಸ್ಕೂಲುಗಳು ಬಳಸುವ ಸಾಮಾನ್ಯ ನಮೂನೆಯಲ್ಲಿ, ಸಮಾನ ಹುದ್ದೆಯ ಇತರ ಸಮರ್ಥರ ಜೊತೆ ನಿಮ್ಮನ್ನು ಹೋಲಿಸಿ ಎನ್ನುತ್ತಾರೆ. ತಿದ್ದಿಕೊಳ್ಳಲು ನಿಮಗೆ ಹೇಳಿದ ಮುಖ್ಯ ಮಾತು ಯಾವುದು, ಅದಕ್ಕೆ ನೀವು ಹೇಗೆ ಸ್ಪಂದಿಸಿದಿರಿ ಎಂದೂ ಕೇಳುತ್ತಾರೆ. ನಿಮ್ಮನ್ನು ಬಲ್ಲವರಷ್ಟೇ ಇದಕ್ಕೆ ಉತ್ತರ ಕೊಡಬಲ್ಲರು. ಆರು ವಾರ ಮುಂಚೆ ಕೇಳಿ, ಘಟನೆಗಳನ್ನು ನೆನಪಿಸುವ ಒಂದು ಪುಟ ಕೊಡಿ. ‘ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ’ ಎಂದರೆ ಒಪ್ಪಬೇಡಿ. ಅದು ನಿಯಮಕ್ಕೆ ವಿರುದ್ಧ, ಮೇಲಾಗಿ ಎಸ್ಸೇ ಮತ್ತು ಪತ್ರದ ಶೈಲಿ ಒಂದೇ ಆಗಿದ್ದರೆ ಓದುವವರಿಗೆ ತಿಳಿದುಬಿಡುತ್ತದೆ.

ಅಂಕ ಹೋಲಿಸುವಾಗ ಎಚ್ಚರ. 2023ರ ನವೆಂಬರಿನಲ್ಲಿ ಬಂದ ಹೊಸ ರೂಪದ ಜಿಮ್ಯಾಟ್‌ನಲ್ಲಿ 205ರಿಂದ 805ರವರೆಗಿನ ಹೊಸ ಅಳತೆ ಇದೆ. ಹಳೆಯ 700ಕ್ಕೆ ಹೊಸದರಲ್ಲಿ ಸುಮಾರು 645 ಸಮ. ಹಳೆಯ ಸರಾಸರಿ ನೋಡಿ ಸುಮ್ಮನೆ ಎದೆಗುಂದಬೇಡಿ.

ಕೆಲಸದಲ್ಲಿ ಬಿಡುವು, ಡಿಗ್ರಿಯಲ್ಲಿ ಕಡಿಮೆ ಅಂಕ, ಈಗಿನ ಮೇಲಧಿಕಾರಿಯ ಪತ್ರ ಇಲ್ಲದಿರುವುದು, ಇಂಥವನ್ನು ಐಚ್ಛಿಕ ಎಸ್ಸೇಯಲ್ಲಿ ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿ. ಕಾರಣ ಹೇಳಿ, ಗೋಳು ಬೇಡ.

ಸ್ಕೂಲುಗಳು ಅರ್ಜಿಗಳನ್ನು ಸುತ್ತುಗಳಲ್ಲಿ ತೆಗೆದುಕೊಳ್ಳುತ್ತವೆ. ಮೊದಲ ಸುತ್ತಿನ ಗಡುವು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಎರಡನೆಯದು ಜನವರಿ ಆರಂಭದಲ್ಲಿ ಇರುತ್ತದೆ. ಆತುರದಲ್ಲಿ ಸೆಪ್ಟೆಂಬರಿಗೆ ಕಳಿಸುವುದಕ್ಕಿಂತ ಹದವಾಗಿ ತಿದ್ದಿ ಜನವರಿಗೆ ಕಳಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮೂರನೆಯ ಸುತ್ತಿಗೆ ಮಾತ್ರ ಕಾಯಬೇಡಿ, ಅಷ್ಟು ಹೊತ್ತಿಗೆ ಹೆಚ್ಚಿನ ಸೀಟುಗಳು ತುಂಬಿರುತ್ತವೆ.

ಕಳಿಸುವ ಮುನ್ನ ಫಾರ್ಮ್, ರೆಸ್ಯೂಮೆ, ಎಸ್ಸೇ ಮೂರನ್ನೂ ಪಕ್ಕಪಕ್ಕ ಇಟ್ಟು ದಿನಾಂಕ, ಹುದ್ದೆ, ಸಂಖ್ಯೆಗಳು ಹೊಂದುತ್ತವೆಯೇ ನೋಡಿ. ಪ್ರವೇಶ ಕೊಟ್ಟ ಮೇಲೂ ಹಲವು ಸ್ಕೂಲುಗಳು ಇವನ್ನು ಪರಿಶೀಲಿಸುತ್ತವೆ.