ಹಳೆಯ ಇಸ್ರಾಯೇಲರ ಕಾನೂನಿನಲ್ಲಿ ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಪಾಲು ಇತ್ತಾ?

ಇತ್ತು, ಆದರೆ ಗಂಡುಮಕ್ಕಳು ಇಲ್ಲದಿದ್ದರೆ ಮಾತ್ರ. ಈ ನಿಯಮ ಸುಮ್ನೆ ಬಂದಿದ್ದಲ್ಲ. ಐದು ಜನ ಅಕ್ಕತಂಗಿಯರು ಕೇಳಿ ಪಡೆದದ್ದು.

ಬೈಬಲಿನ ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿ ಈ ಕಥೆ ಇದೆ. ಇಸ್ರಾಯೇಲರ ಕುಲಗಳಲ್ಲಿ ಒಂದಾದ ಮನಸ್ಸೆ ಕುಲದ ಚಲ್ಪಹಾದ ಎಂಬುವನು ಮರುಭೂಮಿಯಲ್ಲಿ ತೀರಿಕೊಂಡ. ಅವನಿಗೆ ಗಂಡುಮಕ್ಕಳಿರಲಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಅವನ ಮಕ್ಕಳು ದೇವದರ್ಶನದ ಗುಡಾರದ (ಇಸ್ರಾಯೇಲರ ಆರಾಧನೆಯ ಡೇರೆ) ಬಾಗಿಲಲ್ಲಿ, ಇಸ್ರಾಯೇಲರ ನಾಯಕ ಮೋಶೆ, ಯಾಜಕ (ಪುರೋಹಿತ), ಮುಖಂಡರು, ಇಡೀ ಸಮೂಹದ ಮುಂದೆ ನಿಂತರು. ಗಂಡುಮಗ ಇಲ್ಲ ಅಂತ ನಮ್ಮಪ್ಪನ ಹೆಸರು ಯಾಕೆ ಅಳಿಯಬೇಕು, ನಮಗೂ ಭೂಮಿ ಕೊಡಿ ಎಂದರು. ಎಂಥ ಧೈರ್ಯ ಅಲ್ವಾ! ಮೋಶೆ ದೇವರನ್ನು ಕೇಳಿದ. ಅವರು ಹೇಳಿದ್ದು ಸರಿ ಎಂಬ ಉತ್ತರ ಬಂತು.

ಅಲ್ಲಿಂದ ಕ್ರಮ ಹೀಗಾಯಿತು: ಮೊದಲು ಮಗ, ಅವನಿಲ್ಲದಿದ್ದರೆ ಮಗಳು, ಆಮೇಲೆ ಸತ್ತವನ ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರು, ಕೊನೆಗೆ ಹತ್ತಿರದ ನೆಂಟರು. ಹೆಂಡತಿಯ ಹೆಸರು ಈ ಪಟ್ಟಿಯಲ್ಲೇ ಇಲ್ಲ.

ಮುಂದೆ 36ನೇ ಅಧ್ಯಾಯದಲ್ಲಿ ಒಂದು ಕಟ್ಟುಪಾಡೂ ಬಂತು. ಭೂಮಿ ಬೇರೆ ಕುಲಕ್ಕೆ ಹೋಗಬಾರದು ಅಂತ, ಆಸ್ತಿ ಪಡೆದ ಮಗಳು ತನ್ನ ಕುಲದವನನ್ನೇ ಮದುವೆಯಾಗಬೇಕಿತ್ತು. ಈ ಐವರೂ ತಂದೆಯ ಅಣ್ಣತಮ್ಮಂದಿರ ಮಕ್ಕಳನ್ನೇ ಮದುವೆಯಾದರು. ಇಸ್ರಾಯೇಲರು ನೆಲೆಸಿದ ಕಾನಾನ್ ನಾಡಿನಲ್ಲಿ ಭೂಮಿ ಹಂಚುವಾಗ, ಮೋಶೆಯ ನಂತರದ ನಾಯಕ ಯೆಹೋಶುವ ಅವರ ಪಾಲನ್ನು ಕೊಟ್ಟ.