ಓದುಗರ ಪ್ರಶ್ನೆಗೆ ಉತ್ತರ: ಕಪ್ಪು ವಾಹನದ ಮೇಲಿನ ಸಣ್ಣ ಗೀರುಗಳು

ಪ್ರಶ್ನೆ: ನನ್ನದು ಮೂರು ವರ್ಷ ಹಳೆಯ ಕಪ್ಪು ಕಾರು. ನೆರಳಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಬಿಸಿಲಿಗೆ ತಂದರೆ ಮಾತ್ರ ಬಾನೆಟ್ಟಿನ ಮೇಲೆ ಸೂರ್ಯನ ಪ್ರತಿಬಿಂಬದ ಸುತ್ತ ಉಂಗುರ ಉಂಗುರವಾಗಿ ನವಿರಾದ ಗೀರುಗಳು ಎದ್ದು ಕಾಣುತ್ತವೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಿನವೂ ಬೆಳಿಗ್ಗೆ ಒಬ್ಬರು ಬಂದು ಕಾರು ಒರೆಸುತ್ತಾರೆ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರುಗಳೆಲ್ಲ ಮುಚ್ಚಿಹೋಗುತ್ತವೆ ಎಂದು ಅಂಗಡಿಯವರೊಬ್ಬರು ಹೇಳಿದರು. ಅಷ್ಟು ಖರ್ಚಿಲ್ಲದೆ ಮನೆಯಲ್ಲಿಯೇ ಇವನ್ನು ಮರೆಮಾಡಬಹುದೇ?
– ಬೆಂಗಳೂರಿನ ಓದುಗರು

ಉತ್ತರ: ಮರೆಮಾಡಬಹುದು. ಆದರೆ ಮರೆಮಾಡುವುದು ಬೇರೆ, ತೆಗೆಯುವುದು ಬೇರೆ. ಇವೆರಡರಲ್ಲಿ ಯಾವುದಕ್ಕೆ ಹಣ ಕೊಡುತ್ತಿದ್ದೇವೆ ಎಂಬುದು ಗೊತ್ತಿಲ್ಲದಿರುವುದರಿಂದಲೇ ಹೆಚ್ಚಿನವರು ಮೋಸಹೋಗುತ್ತಾರೆ.

ಈಗಿನ ಕಾರುಗಳಲ್ಲಿ ಬಣ್ಣದ ಪದರದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವೊಂದಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ಕಡಿಮೆ. ನೀವು ಹೇಳಿದ ಗೀರುಗಳೆಲ್ಲ ಇರುವುದು ಈ ಪದರದ ಮೇಲ್ಮೈಯಲ್ಲಿ. ಅವು ವಾಸ್ತವದಲ್ಲಿ ಉಂಗುರದಾಕಾರದಲ್ಲಿ ಇರುವುದಿಲ್ಲ, ಎಲ್ಲ ದಿಕ್ಕಿಗೂ ಹರಡಿಕೊಂಡಿರುತ್ತವೆ. ಬೆಳಕಿಗೆ ಅಡ್ಡಲಾಗಿರುವ ಗೀರುಗಳು ಮಾತ್ರ ಅದನ್ನು ನಮ್ಮ ಕಣ್ಣಿನತ್ತ ತಿರುಗಿಸುವುದರಿಂದ ಉಂಗುರದಂತೆ ತೋರುತ್ತವೆ. ಆದ್ದರಿಂದಲೇ ನೀವು ಒಂದು ಹೆಜ್ಜೆ ಸರಿದರೆ ಉಂಗುರವೂ ನಿಮ್ಮೊಂದಿಗೆ ಸರಿಯುತ್ತದೆ. ಬಿಳಿ ಕಾರಿನ ಮೇಲೂ ಇಷ್ಟೇ ಗೀರುಗಳಿರುತ್ತವೆ, ಆದರೆ ಬಿಳಿ ಬಣ್ಣವೇ ಬೆಳಕನ್ನು ಎಲ್ಲೆಡೆ ಚದುರಿಸುವುದರಿಂದ ಗೀರು ಚದುರಿಸಿದ ಬೆಳಕು ಅದರಲ್ಲಿ ಬೆರೆತುಹೋಗುತ್ತದೆ. ಕಪ್ಪು ಬಣ್ಣ ಬೆಳಕನ್ನು ಹೀರಿಕೊಳ್ಳುತ್ತದೆ. ಅಲ್ಲಿ ಹೊಳೆಯುವುದು ಮೇಲ್ಮೈಯೊಂದೇ, ಹೀಗಾಗಿ ಮೇಲ್ಮೈಯ ಪ್ರತಿಯೊಂದು ದೋಷವೂ ಎದ್ದು ಕಾಣುತ್ತದೆ.

ಮರೆಮಾಡುವ ಕೆಲಸಕ್ಕೆಂದೇ ಸಿಗುವ ವಸ್ತು ಗ್ಲೇಜ್. ಅದರಲ್ಲಿರುವ ಎಣ್ಣೆಯಂಥ ಅಂಶಗಳು ಗೀರಿನೊಳಗೆ ಕುಳಿತು, ಬೆಳಕು ಅಲ್ಲಿ ಚದುರದಂತೆ ಮಾಡುತ್ತವೆ. ನಿಮ್ಮ ಕಾರಿಗೆ ಇದು ಹೊಂದುವುದೇ ಎಂಬುದನ್ನು ಖರೀದಿಗೆ ಮೊದಲೇ ತಿಳಿಯಬಹುದು. ತೊಳೆದು ಒರೆಸಿದ ಬಾನೆಟ್ಟಿನ ಮೇಲೆ ಶುದ್ಧ ನೀರನ್ನು ಚಿಮುಕಿಸಿ ನೋಡಿ: ನೀರು ನಿಂತಲ್ಲಿ ಮಾಯವಾಗುವ ಗೀರನ್ನು ಗ್ಲೇಜ್ ಬಹುಮಟ್ಟಿಗೆ ಮುಚ್ಚುತ್ತದೆ, ನೀರಿನಡಿಯಲ್ಲೂ ಕಾಣುವ, ಉಗುರಿಗೆ ತಗಲುವ ಗೀರನ್ನು ಮುಚ್ಚುವುದು ಅದರಿಂದಾಗದು.

ಹಚ್ಚುವ ಮೊದಲು ಕಾರನ್ನು ಚೆನ್ನಾಗಿ ತೊಳೆದಿರಬೇಕು. ನೆರಳಿನಲ್ಲಿ ನಿಲ್ಲಿಸಿ, ತಗಡು ಮುಟ್ಟಿದರೆ ತಣ್ಣಗಿರುವಾಗ, ಎರಡು ಅಡಿ ಚೌಕದಷ್ಟೇ ಜಾಗವನ್ನು ಒಮ್ಮೆಗೆ ತೆಗೆದುಕೊಂಡು, ಫೋಮ್ ಪ್ಯಾಡಿನಲ್ಲಿ ತೆಳ್ಳಗೆ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಒರೆಸಿ. ಅದರ ಮೇಲೆ ಒಂದು ಪದರ ವ್ಯಾಕ್ಸ್ ಬೇಕು; ಇಲ್ಲವಾದರೆ ಗ್ಲೇಜ್ ಬೇಗ ತೊಳೆದುಹೋಗುತ್ತದೆ. ಬ್ರೆಜಿಲಿನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಗಳಿಂದ ತೆಗೆಯುವ ಕಾರ್ನೌಬಾ ಮೇಣವಿರುವ ವ್ಯಾಕ್ಸ್ ಕಪ್ಪು ಬಣ್ಣಕ್ಕೆ ಒಳ್ಳೆಯ ಆಳ ಕೊಡುತ್ತದೆ ಎಂದು ನನ್ನ ಅಭಿಪ್ರಾಯ. ಬಣ್ಣ ಬಳಿಯದ ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಅದು ತಗಲಬಾರದು. ಒಣಗಿದ ಮೇಲೆ ಬಿಳಿ ಕಲೆಯಾಗಿ ಕೂರುತ್ತದೆ. ಇಷ್ಟೆಲ್ಲ ಮಾಡಿದ ಹೊಳಪು ಉಳಿಯುವುದು ಕೆಲವು ವಾರಗಳು ಮಾತ್ರ, ಕಡು ಶಾಂಪೂ ಬಳಸಿದರೆ ಅದಕ್ಕಿಂತಲೂ ಕಡಿಮೆ. ಮನೆಯಲ್ಲಿ ಮದುವೆಯಿದೆ, ಕಾರು ನಾಲ್ಕು ದಿನ ಚೆನ್ನಾಗಿ ಕಾಣಬೇಕು ಎನ್ನುವವರಿಗೆ ಅಷ್ಟು ಸಾಕು, ಮತ್ತು ಇದರಲ್ಲಿ ಕ್ಲಿಯರ್ ಕೋಟ್ ಸವೆಯುವುದಿಲ್ಲ ಎಂಬುದು ಸಣ್ಣ ಲಾಭವೇನಲ್ಲ.

ಸೆರಾಮಿಕ್ ಕೋಟಿಂಗಿನ ಬಗ್ಗೆ ನಿಮಗೆ ಹೇಳಿದ ಮಾತು ಸರಿಯಲ್ಲ. ಅದು ಅತ್ಯಂತ ತೆಳುವಾದ ಪಾರದರ್ಶಕ ಪದರ. ಕೆಳಗೆ ಗೀರಿದ್ದರೆ ಮೇಲಿನಿಂದ ಗೀರೇ ಕಾಣುತ್ತದೆ, ಜೊತೆಗೆ ಮುಂದೆ ಆ ಗೀರನ್ನು ತೆಗೆಯಬೇಕೆಂದರೆ ಹಣ ಕೊಟ್ಟು ಹಾಕಿಸಿದ ಕೋಟಿಂಗನ್ನೂ ಉಜ್ಜಿ ತೆಗೆಯಬೇಕಾಗುತ್ತದೆ. ಮೊದಲು ಪಾಲಿಶ್ ಮಾಡಿ, ಅಂದರೆ ಕ್ಲಿಯರ್ ಕೋಟನ್ನು ತುಸು ಉಜ್ಜಿ ಸವೆಸಿ, ಗೀರು ತೆಗೆದು, ಆಮೇಲೆ ಕೋಟಿಂಗ್ ಹಾಕುವುದೇ ಸರಿಯಾದ ಕ್ರಮ.

ಇನ್ನು ಮೂಲಕ್ಕೆ ಬರೋಣ. ಬೆಳಿಗ್ಗೆ ಬಂದು ಒರೆಸುವವರ ಕೈಯಲ್ಲಿ ಒಂದು ಬಕೆಟ್ಟು, ಒಂದು ಬಟ್ಟೆ, ಹತ್ತು ಕಾರುಗಳು. ನಮ್ಮ ಬೀದಿಯ ಧೂಳಿನಲ್ಲಿರುವ ಮರಳಿನ ಕಣ ಕ್ಲಿಯರ್ ಕೋಟಿಗಿಂತ ಎಷ್ಟೋ ಪಾಲು ಗಟ್ಟಿ. ಮೊದಲ ಕಾರಿನ ಧೂಳು ಎರಡನೆಯದನ್ನು ಗೀಚುತ್ತದೆ. ತಪ್ಪು ಆ ಕೆಲಸಗಾರರದ್ದಲ್ಲ, ಕಾರು ದಿನವೂ ಫಳಫಳ ಎನ್ನಬೇಕೆಂದು ಬಯಸುವ ನಮ್ಮದು. ಗಾಜುಗಳನ್ನಷ್ಟೇ ಒರೆಸಿ, ಬಣ್ಣದ ಭಾಗವನ್ನು ಮುಟ್ಟಬೇಡಿ ಎಂದು ಅವರಿಗೆ ವಿನಯದಿಂದ ಹೇಳಿ. ಇದೊಂದನ್ನು ಮಾಡದಿದ್ದರೆ ಮೇಲೆ ಬರೆದ ಯಾವ ಉಪಾಯವೂ ನಿಲ್ಲುವುದಿಲ್ಲ.

ಪ್ರಶ್ನೆ: ಸರ್ವಿಸ್‌ಗೆ ಬಿಟ್ಟಾಗ ನನ್ನ ಕಡುನೀಲಿ ಕಾರಿಗೆ ಬಫಿಂಗ್ ಮಾಡಿಕೊಟ್ಟರು. ಕನ್ನಡಿಯಂತಿತ್ತು. ಒಂದೇ ತಿಂಗಳಿನಲ್ಲಿ ಹಳೆಯ ಗೀರುಗಳೆಲ್ಲ ವಾಪಸ್ ಬಂದವು. ಅವುಗಳ ಜೊತೆಗೆ ಬಿಸಿಲಿನಲ್ಲಿ ಹೊಗೆಯಂಥ ಅಲೆಅಲೆಯಾದ ಪಟ್ಟೆಗಳೂ ಕಾಣುತ್ತಿವೆ. ಇದು ಹೇಗಾಯಿತು?
– ಮೈಸೂರಿನ ಓದುಗರು

ಉತ್ತರ: ಗೀರುಗಳು ವಾಪಸ್ ಬಂದಿಲ್ಲ, ಅವು ಹೋಗಿಯೇ ಇರಲಿಲ್ಲ. ಬಫಿಂಗ್ ಎಂದರೆ ಯಂತ್ರದಿಂದ ಉಜ್ಜಿ ಹೊಳಪು ತರುವುದು. ಅದಕ್ಕೆ ಬಳಸುವ ಅನೇಕ ಕಾಂಪೌಂಡುಗಳಲ್ಲಿ, ಅಂದರೆ ಪೇಸ್ಟುಗಳಲ್ಲಿ, ಉಜ್ಜುವ ಕಣಗಳ ಜೊತೆ ಗೀರು ತುಂಬುವ ಎಣ್ಣೆಯೂ ಇರುತ್ತದೆ. ನಾಲ್ಕಾರು ಸಲ ತೊಳೆದಾಗ ಆ ಎಣ್ಣೆ ಹೋಯಿತು. ಅಲೆಯಂಥ ಪಟ್ಟೆಗಳು ಒಂದೇ ಕೇಂದ್ರದ ಮೇಲೆ ತಿರುಗುವ ರೋಟರಿ ಯಂತ್ರವನ್ನು ಅವಸರದಲ್ಲಿ ಓಡಿಸಿದ್ದರ ಗುರುತು. ಇದನ್ನು ಈ ವೃತ್ತಿಯವರು ಹೋಲೋಗ್ರಾಮ್ ಎನ್ನುತ್ತಾರೆ. ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆಕ್ಷನ್ ಯಂತ್ರದಲ್ಲಿ, ನಯವಾದ ಫೋಮ್ ಪ್ಯಾಡಿನಿಂದ ಫಿನಿಶಿಂಗ್ ಪಾಲಿಶ್ ಮಾಡಿಸಿದರೆ ಪಟ್ಟೆಗಳು ಹೋಗುತ್ತವೆ.

ಈ ಸಲ ಕೆಲಸ ಒಪ್ಪಿಸುವಾಗ ಎರಡು ವಿಷಯಗಳನ್ನು ಕೇಳಿ. ಬಣ್ಣದ ದಪ್ಪ ಅಳೆಯುವ ಮೀಟರ್ ಅವರ ಬಳಿ ಇದೆಯೇ? ಒಮ್ಮೆ ಬಫಿಂಗ್ ಆದ ಕಾರಿನಲ್ಲಿ ಎಷ್ಟು ಪದರ ಉಳಿದಿದೆ ಎಂದು ಅಂದಾಜಿಸದೆ ಮತ್ತೆ ಉಜ್ಜುವುದು ಅಪಾಯ, ಅದರಲ್ಲೂ ಬಾನೆಟ್ ಮತ್ತು ಬಾಗಿಲುಗಳ ಅಂಚಿನಲ್ಲಿ. ಅಲ್ಲಿ ಕ್ಲಿಯರ್ ಕೋಟ್ ಸವೆದು ಬಣ್ಣ ಹೊರಬಂದರೆ ಮರುಪೇಂಟಿಂಗ್ ಬಿಟ್ಟು ಬೇರೆ ದಾರಿಯಿಲ್ಲ. ಎರಡನೆಯದಾಗಿ, ಕೆಲಸ ಮುಗಿದ ಮೇಲೆ, ವ್ಯಾಕ್ಸ್ ಹಚ್ಚುವ ಮೊದಲು, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒಂದು ಭಾಗವನ್ನು ಒರೆಸಿ ತೋರಿಸಲು ಹೇಳಿ. ತುಂಬಿದ ಎಣ್ಣೆ ಅದರಿಂದ ಎದ್ದುಹೋಗುತ್ತದೆ, ಉಳಿದಿರುವ ಗೀರು ಟಾರ್ಚಿನ ಬೆಳಕಿನಲ್ಲಿ ಕಾಣುತ್ತದೆ. ಹಳೆಯ ಕಾರು ಕೊಳ್ಳುವವರಿಗೂ ಇದೇ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಮಾರಾಟಕ್ಕೆ ನಿಂತ ಕಪ್ಪು ಕಾರಿನಷ್ಟು ಹೊಳೆಯುವ ವಸ್ತು ಲೋಕದಲ್ಲಿ ಕಡಿಮೆ.

ಪ್ರಶ್ನೆ: ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಇವುಗಳಿಂದ ಗೀರು ಹೋಗುತ್ತದೆಯೇ?
– ದಾವಣಗೆರೆಯ ಓದುಗರು

ಉತ್ತರ: ಎಣ್ಣೆಗಳು ಗ್ಲೇಜಿನ ಕೆಲಸವನ್ನೇ ಒಂದೆರಡು ದಿನದ ಮಟ್ಟಿಗೆ ಮಾಡಿ, ಆಮೇಲೆ ಧೂಳನ್ನು ಅಂಟಿಸಿಕೊಳ್ಳುತ್ತವೆ, ಆ ಧೂಳನ್ನು ಒರೆಸಿದಾಗ ಹೊಸ ಗೀರುಗಳು ಬೀಳುತ್ತವೆ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಕಣಗಳಿರುವುದು ನಿಜ, ಆದರೆ ಅವು ಹಲ್ಲಿಗೆಂದು ಮಾಡಿದವು. ಕಪ್ಪು ಬಣ್ಣದ ಮೇಲೆ ಅವು ಮಂಕಾದ ಕಲೆಯನ್ನು ಉಳಿಸುವುದೇ ಹೆಚ್ಚು.

ಪ್ರಶ್ನೆ: ನೀರಿನ ಅಭಾವವಿರುವಾಗ ಗೀರು ಬೀಳದಂತೆ ಕಾರು ತೊಳೆಯುವುದು ಹೇಗೆ?
– ಬೆಂಗಳೂರಿನ ಇನ್ನೊಬ್ಬ ಓದುಗರು

ಉತ್ತರ: 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದಾಗ ಎಷ್ಟೋ ಮಂದಿ ಒಣ ಬಟ್ಟೆ ಹಿಡಿದರು. ಕಪ್ಪು ಕಾರಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಧೂಳು ಹಾಗೆಯೇ ಇರಲಿ, ಕುಳಿತ ಧೂಳು ಗೀಚುವುದಿಲ್ಲ. ತೊಳೆಯಲೇಬೇಕೆಂದಾಗ, ಆಮೇಲೆ ನೀರು ಸುರಿದು ತೊಳೆಯಬೇಕಿಲ್ಲದ ರಿನ್ಸ್‌ಲೆಸ್ ವಾಶ್ ಎಂಬ ದ್ರಾವಣವನ್ನು ಒಂದು ಬಕೆಟ್ ನೀರಿಗೆ ಬೆರೆಸಿ, ಐದಾರು ಮೈಕ್ರೋಫೈಬರ್ ಬಟ್ಟೆಗಳನ್ನು ಅದರಲ್ಲಿ ನೆನೆಸಿ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಒರೆಸುತ್ತ ಬನ್ನಿ. ಒಮ್ಮೆ ಕೊಳೆಯಾದ ಬಟ್ಟೆಯನ್ನು ಮತ್ತೆ ಅದೇ ಬಕೆಟ್ಟಿಗೆ ಅದ್ದಬೇಡಿ. ಕೆಸರು ಮೆತ್ತಿದ್ದರೆ ಈ ವಿಧಾನ ಸಲ್ಲದು. ಆಯುಧಪೂಜೆಯ ಮರುದಿನ ಬಾನೆಟ್ಟಿನ ಮೇಲಿನ ವಿಭೂತಿ, ಕುಂಕುಮಗಳನ್ನೂ ಒಣಗಿದಂತೆಯೇ ಉಜ್ಜದೆ, ಮೊದಲು ನೀರಿನಿಂದ ನೆನೆಸಿ ಎತ್ತಿ. ಬೋರ್‌ವೆಲ್ ನೀರು ಬಳಸಿದರೆ ಬಿಸಿಲಿನಲ್ಲಿ ಒಣಗಲು ಬಿಡಬೇಡಿ, ಸುಣ್ಣದ ಕಲೆ ಕೂರುತ್ತದೆ.

ಪ್ರಶ್ನೆ: ನನ್ನ ಬೈಕಿನ ಟ್ಯಾಂಕ್ ಮ್ಯಾಟ್ ಕಪ್ಪು. ಅದಕ್ಕೂ ಪಾಲಿಶ್ ಮಾಡಬಹುದೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಬೇಡ. ಉಜ್ಜಿದಷ್ಟು ಜಾಗ ಹೊಳೆಯತೊಡಗುತ್ತದೆ, ಆ ಹೊಳಪನ್ನು ಮತ್ತೆ ಮ್ಯಾಟ್ ಮಾಡಲಾಗದು. ಗ್ಲೇಜ್, ಸಾಮಾನ್ಯ ವ್ಯಾಕ್ಸ್ ಕೂಡ ತೇಪೆತೇಪೆಯಾಗಿ ಕಾಣುತ್ತವೆ. ಮ್ಯಾಟ್ ಬಣ್ಣಕ್ಕೆಂದೇ ಸಿಗುವ ಶಾಂಪೂ ಬಳಸಿ, ಜಾಕೆಟ್ಟಿನ ಜಿಪ್ಪು ತಗಲುವ ಜಾಗಕ್ಕೆ ಟ್ಯಾಂಕ್ ಪ್ಯಾಡ್ ಅಂಟಿಸಿ.