ಮಂಜಿ ಹತ್ತುವ ಮೊದಲೇ ಕುರಿಗೆ ಬಾನಿ ಮೇವಿನ ರೂಢಿ ಆಗಿರಬೇಕು

ಹಾವೇರಿ ಕಡೆಯ 40 ಕುರಿಗಳನ್ನು ಮಂಗಳೂರು ಹಳೇ ಬಂದರಿನಿಂದ ಮಂಜಿಯಲ್ಲಿ (ಸರಕು ಸಾಗಿಸುವ ಮರದ ಹಡಗು) ಲಕ್ಷದ್ವೀಪಕ್ಕೆ ಕಳಿಸಬೇಕು, ಮೇವು-ತಯಾರಿ ಹೇಗೆ ಅಂತ ಕೇಳಿದ್ದೀರಿ.

ದಯವಿಟ್ಟು ಲಾರಿಯಿಂದ ಇಳಿಸಿ ನೇರ ಮಂಜಿಗೆ ಹತ್ತಿಸಬೇಡಿ. ಆಸ್ಟ್ರೇಲಿಯಾದಿಂದ ಕೊಲ್ಲಿ ದೇಶಗಳಿಗೆ ವಾರಗಟ್ಟಲೆ ಹಡಗಿನಲ್ಲಿ ಹೋಗುವ ಕುರಿಗಳು ಸಾಯುವ ಮುಖ್ಯ ಕಾರಣಗಳು ಮೇವು ತಿನ್ನದೆ ಬಿಡುವುದು ಮತ್ತು ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭೇದಿ. ಹೊಟ್ಟೆ ಖಾಲಿಯಾದಷ್ಟೂ ಆ ರೋಗಾಣು ಕರುಳಲ್ಲಿ ಬೇಗ ಹೆಚ್ಚುತ್ತದೆ. ನಿಮ್ಮದು ಅಷ್ಟು ದೂರದ ದಾರಿಯಲ್ಲ, ಆದರೆ ಘಾಟಿ ಇಳಿದು ಬಂದ ಕುರಿ ಆಗಲೇ ಹಸಿದಿರುತ್ತದೆ.

ನೆರಳು-ಗಾಳಿ ಇರುವ ಕೊಟ್ಟಿಗೆಯಲ್ಲಿ ಕನಿಷ್ಠ 7 ದಿನ ಇಟ್ಟುಕೊಳ್ಳಿ. ಬಯಲಲ್ಲಿ ಮೇಯ್ದ ಕುರಿಗೆ ಬಾನಿಯಲ್ಲಿರುವುದು ಮೇವು ಅಂತಲೇ ಹೊಳೆಯುವುದಿಲ್ಲ. ಮೊದಲೆರಡು ದಿನ ಶೇಂಗಾ ಹೊಟ್ಟು, ಮೇಲೆ ಒಂದು ಹಿಡಿ ಪೆಲೆಟ್ (ಒತ್ತಿ ಮಾಡಿದ ಗುಳಿಗೆ ಮೇವು). ಮೂರನೇ ದಿನದಿಂದ ಪೆಲೆಟ್ ಕಾಲು ಭಾಗ, ಐದರಿಂದ ಅರ್ಧ. 30 ಕಿಲೋ ತೂಗುವ ಕುರಿಗೆ ದಿನಕ್ಕೆ ಒಟ್ಟು 800 ಗ್ರಾಂ ಸಾಕು, ಎರಡು ಹೊತ್ತಿಗೆ ಹಂಚಿ. ಬೇಗ ಮೈ ತುಂಬಲಿ ಅಂತ ಜೋಳ, ಅಕ್ಕಿ ಸುರಿದರೆ ಹೊಟ್ಟೆ ಹುಳಿಯಾಗಿ ಮೆಲುಕು ನಿಲ್ಲುತ್ತದೆ, ಭೇದಿ ಶುರುವಾಗುತ್ತದೆ. ಪೆಲೆಟ್ ಹುಡಿಯಾಗಿದ್ದರೆ ಜರಡಿ ಹಿಡಿಯಿರಿ, ಹುಡಿಯನ್ನು ಅವು ಮೂಸಿ ಬಿಡುತ್ತವೆ.

ಮೇವು ಹಾಕಿದ ಮೂರು ಗಂಟೆಯ ನಂತರ ಒಂದೊಂದರ ಎಡಪಕ್ಕೆ ನೋಡಿ. ಕೊನೆಯ ಪಕ್ಕೆಲುಬಿನ ಹಿಂದೆ ಅಂಗೈ ಕೂರುವಷ್ಟು ಗುಳಿ ಉಳಿದಿದ್ದರೆ ಅದು ತಿಂದಿಲ್ಲ. ಬಣ್ಣ ಹಚ್ಚಿ ಬೇರೆ ಇಡಿ. ಐದನೇ ದಿನವೂ ತಿನ್ನದ್ದನ್ನು ನಾನಾದರೆ ಕಳಿಸುವುದಿಲ್ಲ. ಅದು ದಡದಲ್ಲೇ ಸೋತ ಪ್ರಾಣಿ.

ಪಿಪಿಆರ್ (ಕುರಿ-ಮೇಕೆಗಳ ಸಾಂಕ್ರಾಮಿಕ ರೋಗ) ಮತ್ತು ಕರುಳುಬೇನೆ ಲಸಿಕೆ ಊರಲ್ಲೇ, ಮೂರು ವಾರ ಮೊದಲೇ ಆಗಲಿ. ಉಣ್ಣೆ ಕತ್ತರಿಸಿಯೇ ತನ್ನಿ, ಕರಾವಳಿಯ ಸೆಕೆಗೆ ಒಣನಾಡಿನ ಕುರಿ ಬಹಳ ಬೇಗ ಬಳಲುತ್ತದೆ. ಪಶುವೈದ್ಯರ ಪ್ರಮಾಣಪತ್ರ ಬೇಕೇ ಬೇಕು.

ಮಂಜಿಯಲ್ಲಿ ಒಂದಕ್ಕೆ ಮೂರು ಚದರ ಅಡಿ ಜಾಗ ಬಿಡಿ. ಟರ್ಪಾಲು ತಲೆಯ ಮೇಲೆ ಮಾತ್ರ ಇರಲಿ, ಪಕ್ಕಗಳು ತೆರೆದಿರಲಿ. ಎಂಜಿನ್ ಪಕ್ಕ ಬೇಡ. ಬಾಯಿ ತೆರೆದು ಏದುಸಿರು ಬಿಟ್ಟರೆ ಮೇವು ನಿಲ್ಲಿಸಿ, ನೀರು ಕೊಟ್ಟು, ಗಾಳಿ ಬರುವ ಕಡೆಗೆ ಸರಿಸಿ. ನೀರು ತಲೆಗೆ ದಿನಕ್ಕೆ 5 ಲೀಟರ್, ಅಂದರೆ 40 ಕುರಿಗೆ 200 ಲೀಟರ್. ಕಡಲು ಕೆಟ್ಟು ತಡವಾದರೂ ಸಾಲುವಂತೆ ನಾಲ್ಕು ದಿನಕ್ಕಾಗುವಷ್ಟು ಇಟ್ಟುಕೊಳ್ಳಿ: 800 ಲೀಟರ್ ಸಿಹಿನೀರು, 130 ಕಿಲೋ ಮೇವು. ಮೇವಿನ ಚೀಲ ಹಲಗೆಯ ಮೇಲಿರಲಿ. ಉಪ್ಪುನೀರು ತಾಗಿದ ಪೆಲೆಟ್ ಉಬ್ಬಿ ಬೂಸ್ಟು ಹಿಡಿಯುತ್ತದೆ, ಅದನ್ನು ಹಾಕಲೇಬೇಡಿ. ಹಲಸಿನ ಸೊಪ್ಪು ದಾರಿಯಲ್ಲಿ ಬಾಡಿ ಬಿಸಿಯಾಗುತ್ತದೆ, ಅದೂ ಬೇಡ.

ಅಲ್ಲಿ ಇಳಿದ ಮೇಲೆ ಮೊದಲು ಸ್ವಲ್ಪ ಸ್ವಲ್ಪವೇ ನೀರು, ಆಮೇಲೆ ಹೊಟ್ಟು. ಪೆಲೆಟ್ ಮರುದಿನ.